ಬರುವ ಹಾಡು, ಬಾರದ ಕೈ

ಮೂರು ವರ್ಷದ ಹಿಂದೆ ಒಂದು ಭಾನುವಾರ ನನ್ನ ಡ್ರಮ್ಸನ್ನು ನಾನೇ ಮೊದಲ ಸಲ ಕೇಳಿಸಿಕೊಂಡೆ. ಅಲ್ಲಿಯವರೆಗೆ ಬಾರಿಸಿದ್ದೆ, ಕೇಳಿರಲಿಲ್ಲ. ಬೆಂಗಳೂರಿನಲ್ಲಿ ಗಂಟೆಗಿಷ್ಟು ಎಂದು ಬಾಡಿಗೆಗೆ ಸಿಗುವ ಜ್ಯಾಮ್ ರೂಮೊಂದರಲ್ಲಿ ಫೋನನ್ನು ಕುರ್ಚಿಗೆ ಒರಗಿಸಿಟ್ಟು ಮೈಕಲ್ ಜಾಕ್ಸನ್‌ನ ‘ಬಿಲ್ಲಿ ಜೀನ್’ ಬಾರಿಸಿದೆ. ಕಿವಿಗೆ ಹಾಡು ಹಾಕಿಕೊಂಡಿರಲಿಲ್ಲ, ತಾಳ ಕುಟ್ಟುವ ಕ್ಲಿಕ್ಕೂ ಇರಲಿಲ್ಲ; ಬಾಯಲ್ಲೇ ಗುನುಗಿಕೊಂಡು ಬಾರಿಸಿದ್ದು. ಸ್ಟಿಕ್ ಹಿಡಿದ ಎರಡನೇ ತಿಂಗಳಿಗೇ ಕಲಿತಿದ್ದ ಹಾಡು. ಬಲಗೈಗೆ ಹೈ-ಹ್ಯಾಟ್ ಮೇಲೆ ಎಂಟು ಏಟು, ಒಂದಕ್ಕೂ ಮೂರಕ್ಕೂ ಕಿಕ್, ಎರಡಕ್ಕೂ ನಾಲ್ಕಕ್ಕೂ ಸ್ನೇರ್. ಅದಕ್ಕಿಂತ ಹೆಚ್ಚೇನೂ ಇಲ್ಲ. ಯಾರಾದರೂ ‘ಏನೇನು ಬಾರಿಸ್ತೀರಾ’ ಎಂದು ಕೇಳಿದರೆ ಆ ಹಾಡಿನ ಹೆಸರು ಹೇಳಲೂ ನಾಚಿಕೆಯಾಗುವಷ್ಟು ಸುಲಭದ್ದು.

ರಾತ್ರಿ ಊಟವಾದ ಮೇಲೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿದೆ. ಮೊದಲ ಅರ್ಧ ನಿಮಿಷ ಪರವಾಗಿಲ್ಲ ಅನ್ನಿಸಿತು. ಆಮೇಲೆ ಬೆರಳಲ್ಲಿ ಕುಟ್ಟಿ ವೇಗ ಅಳೆಯುವ ಆ್ಯಪ್ ತೆರೆದೆ. ಮೂಲ ಹಾಡು ನಿಮಿಷಕ್ಕೆ ಸುಮಾರು 117 ಏಟಿನದು. ನಾನು ಶುರು ಮಾಡಿದ್ದೂ ಅಲ್ಲೇ. ಎರಡನೇ ಸಲ ಪಲ್ಲವಿ ಮುಗಿಯುವಷ್ಟರಲ್ಲಿ 124 ಆಗಿತ್ತು. ಹೈ-ಹ್ಯಾಟೂ ಕಿಕ್ಕೂ ಒಟ್ಟಿಗೆ ಬೀಳಬೇಕಾದಲ್ಲಿ ಒಂದರ ಬೆನ್ನಿಗೆ ಇನ್ನೊಂದು ‘ಟಡ್’ ಎಂದು ಸೀಳಿ ಬೀಳುತ್ತಿತ್ತು. ಎಲ್ಲಕ್ಕಿಂತ ನಾಚಿಕೆಯ ಸಂಗತಿ ಎಂದರೆ ಮೂಲದಲ್ಲಿ ಇಲ್ಲವೇ ಇಲ್ಲದ, ಸಾಲಿನ ಕೊನೆಯ ಜಾಗ ತುಂಬುವ ಫಿಲ್‌ಗಳನ್ನು ನಾಲ್ಕೈದು ಕಡೆ ತುರುಕಿದ್ದೆ. ಟಾಮ್‌ಗಳ ಮೇಲೆ ದಡದಡ ಉರುಳಿಸಿ, ಪ್ರತಿ ಸಲವೂ ಒಂದನೇ ಏಟಿಗೆ ಮುಂಚೆಯೇ ಬಂದು ಬಿದ್ದಿದ್ದೆ, ಬಸ್ಸು ನಿಲ್ಲುವ ಮೊದಲೇ ಇಳಿಯುವವರ ಹಾಗೆ.

ಆ ದಿನಗಳಲ್ಲಿ ನಾನು ‘ನಿಜವಾಗಿ’ ಅಭ್ಯಾಸ ಮಾಡುತ್ತಿದ್ದ ಹಾಡು ಬೇರೆ: ಟೋಟೋ ತಂಡದ ‘ರೊಸಾನಾ’. ‘ಬಿಲ್ಲಿ ಜೀನ್’ ಮುಗಿದುಹೋದ ಪಾಠ ಎಂದು ನಂಬಿದ್ದೆ.

ಡ್ರಮ್ಸ್ ಕಲಿಯುವವರಿಗೆ ಎಲ್ಲ ಕಡೆ ಸಿಗುವ ಸಲಹೆ ಒಂದೇ: ನಿಮ್ಮ ಕೈಗಿಂತ ಒಂದು ಮೆಟ್ಟಿಲು ಮೇಲಿರುವ ಹಾಡನ್ನು ಆರಿಸಿಕೊಳ್ಳಿ, ಅದು ಬಂದ ಮೇಲೆ ಇನ್ನೊಂದು ಮೆಟ್ಟಿಲು ಏರಿ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ನನಗಿಂತ ಎಷ್ಟೋ ಪಾಲು ಚೆನ್ನಾಗಿ ಬಾರಿಸುವವರು. ಅವರ ಮಾತನ್ನು ಅಲ್ಲಗಳೆಯುವ ಯೋಗ್ಯತೆ ನನ್ನ ಕೈಗಂತೂ ಇಲ್ಲ. ಕಿವಿಗೆ ಸ್ವಲ್ಪ ಇದ್ದೀತು ಎಂಬ ಧೈರ್ಯದ ಮೇಲೆ ಹೇಳುತ್ತೇನೆ: ಕಲಿಕೆಯ ನಡುಘಟ್ಟದಲ್ಲಿರುವವರಿಗೆ, ಅಂದರೆ ಎರಡು ಮೂರು ವರ್ಷ ಬಾರಿಸಿ, ನಾಲ್ಕು ಜನರ ಜೊತೆ ಕೂತರೆ ಹಾಡು ನಿಲ್ಲದಂತೆ ಸಾಗಿಸಬಲ್ಲವರಿಗೆ, ಈ ಸಲಹೆ ಅಷ್ಟಾಗಿ ಒಗ್ಗುವುದಿಲ್ಲ. ಅವರು ಅಭ್ಯಾಸಕ್ಕೆ ಆರಿಸಿಕೊಳ್ಳಬೇಕಾದ್ದು ತಮಗೆ ಆಗಲೇ ಬರುವ ಹಾಡನ್ನು. ಅದರಲ್ಲೂ ತೀರಾ ಚೆನ್ನಾಗಿ ಬರುತ್ತದೆ ಎಂದುಕೊಂಡಿರುವ ಹಾಡನ್ನು.

ಹೊಸಬರ ವಿಷಯದಲ್ಲಿ ನನ್ನ ತಕರಾರಿಲ್ಲ. ಮೊದಲ ವರ್ಷ ಕೈಗೂ ಕಾಲಿಗೂ ದಿನಕ್ಕೊಂದು ಹೊಸ ಸಂಗತಿ ಬೇಕು, ಮೆಟ್ಟಿಲು ಏರಿದ್ದು ಕಣ್ಣಿಗೆ ಕಾಣುತ್ತದೆ. ನುರಿತವರ ವಿಷಯದಲ್ಲೂ ಇಲ್ಲ. ತಳ ಗಟ್ಟಿಯಾಗಿರುವವರು ಎಷ್ಟು ಅಂತಸ್ತು ಬೇಕಾದರೂ ಏರಿಸಲಿ. ನಡುವಿನವರ ಕಷ್ಟವೇ ಬೇರೆ. ನಮಗೆ ಬಹಳಷ್ಟು ಬರುತ್ತದೆ, ಯಾವುದೂ ಪೂರ್ತಿ ಬರುವುದಿಲ್ಲ. ಕಷ್ಟದ ಹಾಡು ಹಿಡಿದಾಗ ಮನಸ್ಸೆಲ್ಲ ‘ಮುಂದಿನ ಏಟು ಯಾವುದರ ಮೇಲೆ’ ಎಂಬುದರಲ್ಲೇ ಮುಗಿದುಹೋಗುತ್ತದೆ. ಬಿದ್ದ ಏಟು ಹೇಗೆ ಕೇಳಿಸಿತು ಎಂದು ನೋಡಲು ಕಿವಿಗೆ ಪುರುಸೊತ್ತೇ ಇರುವುದಿಲ್ಲ. ಸುಲಭದ ಹಾಡಿನಲ್ಲಿ ಕೈ ತನ್ನಷ್ಟಕ್ಕೆ ಓಡುತ್ತಿರುತ್ತದೆ, ಆಗ ಕಿವಿ ತೆರೆಯುತ್ತದೆ. ನನಗೆ ಆ ಭಾನುವಾರ ಕೇಳಿಸಿದ ತಪ್ಪುಗಳಲ್ಲಿ ಒಂದೂ ‘ರೊಸಾನಾ’ ಬಾರಿಸುವಾಗ ಕೇಳಿಸಿರಲಿಲ್ಲ. ಅಲ್ಲಿ ಅವು ಇರಲಿಲ್ಲವೇ? ಇದ್ದವು. ಬೇರೆ ಗದ್ದಲದಲ್ಲಿ ಮುಚ್ಚಿಹೋಗಿದ್ದವು.

‘ರೊಸಾನಾ’ದ ಮಾತು ಬಂದಿದ್ದರಿಂದ ಅಲ್ಲೇ ಸ್ವಲ್ಪ ನಿಲ್ಲುತ್ತೇನೆ. 1982ರ ಹಾಡು, ಡ್ರಮ್ಸ್ ಜೆಫ್ ಪೊರ್ಕಾರೊ ಅವರದು. ನಡುಘಟ್ಟದವರಿಗೆಂದು ಮಾಡಿದ ಹಾಡುಗಳ ಪಟ್ಟಿಗಳಲ್ಲಿ ಇದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹಾಫ್-ಟೈಮ್ ಷಫಲ್ ಎನ್ನುವ ಆ ನಡೆಯಲ್ಲಿ ಬಲಗೈ ಮೂರರ ಪಾಲಿನಲ್ಲಿ ತೂಗುತ್ತಿರುತ್ತದೆ, ಎಡಗೈ ಸ್ನೇರ್ ಮೇಲೆ ಕೇಳಿಸಿಯೂ ಕೇಳಿಸದ ಹಾಗೆ ಪಿಸುಗುಡುತ್ತಾ ನಡುವೆ ಒಂದೇ ಒಂದು ದೊಡ್ಡ ಏಟು ಹಾಕುತ್ತದೆ. ಅದನ್ನು ತಾನು ಎಲ್ಲಿಂದ ತಂದೆ ಎಂದು ಪೊರ್ಕಾರೊ ಅವರೇ ಪಾಠದ ವಿಡಿಯೊ ಒಂದರಲ್ಲಿ ಬಿಚ್ಚಿ ಹೇಳಿದ್ದಾರೆ. ಬರ್ನಾರ್ಡ್ ಪರ್ಡಿ ಅವರು 1977ರಲ್ಲಿ ಬಂದ ಸ್ಟೀಲಿ ಡ್ಯಾನ್‌ನ ‘ಹೋಮ್ ಅಟ್ ಲಾಸ್ಟ್’ಗೆ ಬಾರಿಸಿದ ಷಫಲ್, ಜಾನ್ ಬಾನಮ್ ಅವರು 1979ರಲ್ಲಿ ಬಂದ ಲೆಡ್ ಝೆಪೆಲಿನ್‌ನ ‘ಫೂಲ್ ಇನ್ ದ ರೇನ್’ಗೆ ಬಾರಿಸಿದ್ದು, ಕಿಕ್‌ಗೆ ಬೋ ಡಿಡ್ಲಿಯ ಹಳೆಯ ಬಡಿತ. ಮೂರನ್ನೂ ಅರೆದು ಮಾಡಿದ ಚಟ್ನಿ. ಕಲಿಯುವವರಿಗೆ ಆ ಪಾಠ ಬಹಳ ಚೆಂದ. ಆದರೆ ಅವರು ವಿಡಿಯೊದಲ್ಲಿ ಹೇಳದೆ ಬಿಟ್ಟ ನಾಲ್ಕನೆಯ ಸಾಮಾನು ಒಂದಿದೆ. ಹದಿನೇಳಕ್ಕೇ ಸನ್ನಿ ಮತ್ತು ಶೆರ್ ಅವರ ವಾದ್ಯವೃಂದ ಸೇರಿದವರು ಪೊರ್ಕಾರೊ. ಅಲ್ಲಿಂದ ‘ರೊಸಾನಾ’ದವರೆಗಿನ ಹತ್ತು ವರ್ಷ ಊರೆಲ್ಲರ ಹಾಡಿಗೆ ಸ್ಟುಡಿಯೊದಲ್ಲಿ ಕೂತು, ಗಾಯಕರಿಗೆ ಅಡ್ಡಿಯಾಗದಂತೆ ತಾಳ ಹಿಡಿದು ಬದುಕಿದವರು. 1976ರಲ್ಲಿ ಬಂದ ಬಾಝ್ ಸ್ಕ್ಯಾಗ್ಸ್‌ನ ‘ಸಿಲ್ಕ್ ಡಿಗ್ರೀಸ್’ಗೆ ಬಾರಿಸಿದಾಗ ಅವರಿಗೆ ಇಪ್ಪತ್ತೆರಡು ದಾಟಿರಲಿಲ್ಲ. ನಾವು ಆ ಹತ್ತು ವರ್ಷವನ್ನು ಹಾರಿಸಿ, ಆರು ವಾರದಲ್ಲಿ ಚಟ್ನಿ ಮಾತ್ರ ತಿನ್ನುತ್ತೇವೆ. ನನಗೆ ‘ರೊಸಾನಾ’ದ ಏಟುಗಳೆಲ್ಲ ಬಂದಿದ್ದವು. ತೂಗು ಬಂದಿರಲಿಲ್ಲ.

ನಮ್ಮ ಮನೆಯಂಗಳದಲ್ಲೇ ಇದಕ್ಕೊಂದು ಬೇರೆ ಪದ್ಧತಿ ಇದೆ, ಡ್ರಮ್ಸ್ ಹಿಡಿದ ಗಳಿಗೆಯಲ್ಲಿ ಅದನ್ನು ಮರೆತುಬಿಡುತ್ತೇವೆ. ಕರ್ನಾಟಕ ಸಂಗೀತದಲ್ಲಿ ಮಕ್ಕಳು ಸರಳೆ, ಜಂಟಿ, ಅಲಂಕಾರ ಎಂದು ಏರುತ್ತಾ ಗೀತೆ ಮುಗಿಸಿ ವರ್ಣಕ್ಕೆ ಬರುತ್ತಾರೆ. ಇಲ್ಲಿಯವರೆಗೆ ಇದೂ ಮೆಟ್ಟಿಲೇ. ಆದರೆ ನಲವತ್ತು ವರ್ಷ ವೇದಿಕೆ ಕಂಡ ವಿದ್ವಾಂಸರು ಕಚೇರಿ ಶುರು ಮಾಡುವುದು ಸಾಮಾನ್ಯವಾಗಿ ಯಾವುದರಿಂದ? ಅದೇ ವರ್ಣದಿಂದ. ಪಕ್ಕದ ಬೀದಿಯ ಹುಡುಗಿ ಪಾಠದಲ್ಲಿ ಕಲಿಯುತ್ತಿರುವ ವರ್ಣವೇ ಆದೀತು. ಸಭಾಂಗಣದಲ್ಲಿ ಕೂತವರು ಯಾರೂ ‘ಇದು ಇವರಿಗೆ ಆಗಲೇ ಬರುತ್ತಿತ್ತಲ್ಲ’ ಎಂದು ಮೂಗು ಮುರಿಯುವುದಿಲ್ಲ. ‘ವರ್ಣ ಮುಗೀತು, ಇನ್ನು ಅದರ ಸಹವಾಸ ಇಲ್ಲ’ ಎಂದು ಹೇಳುವ ಗಾಯಕರನ್ನು ನಾನಂತೂ ನೋಡಿಲ್ಲ. ಒಂದನೇ ಕಾಲದಲ್ಲಿ ಹಿಡಿದು ನಿಲ್ಲುವುದೇ ಕಷ್ಟ, ಎರಡನೇ ಕಾಲ ಹೇಗೋ ಓಡಿಸಬಹುದು ಎಂಬುದು ಪಾಠಕ್ಕೆ ಕೂತವರಿಗೆಲ್ಲ ಗೊತ್ತು. ಮೃದಂಗದವರ ನಡುವೆ ಇನ್ನೊಂದು ಮಾತಿದೆ, ಸರ್ವಲಘು. ಲೆಕ್ಕಾಚಾರದ ಕೋರ್ವೆಗಳ ಗೊಡವೆಗೆ ಹೋಗದೆ ಹಾಡಿನ ಕೆಳಗೆ ಹೊಳೆಯ ಹಾಗೆ ಹರಿಯುತ್ತಾ ಇರುವುದು. ಚಪ್ಪಾಳೆ ಬೀಳುವುದು ತನಿ ಆವರ್ತನದ ಮುಕ್ತಾಯಕ್ಕೆ, ನಿಜ. ಒಬ್ಬ ಮೃದಂಗ ವಾದಕರನ್ನು ಹಾಡುವವರು ಮುಂದಿನ ಕಚೇರಿಗೂ ಕರೆಯುವುದು ಅವರ ಸರ್ವಲಘು ನೋಡಿ.

ಈ ಕಿವಿಯಿಂದ ‘ಬಿಲ್ಲಿ ಜೀನ್’ ಕೇಳಿ. ಬಾರಿಸಿದವರು ಲಿಯಾನ್ ನ್‌ಡುಗು ಚಾನ್ಸ್‌ಲರ್. 1982ರ ‘ಥ್ರಿಲ್ಲರ್’ ಆಲ್ಬಂನಲ್ಲಿ ಅವರ ಡ್ರಮ್ಸ್ ಜೊತೆಗೆ ಡ್ರಮ್ ಮಷೀನೂ ಸೇರಿದೆ, ಅಂದರೆ ಮನುಷ್ಯನ ಕೈ ಯಂತ್ರದ ಪಕ್ಕದಲ್ಲಿ ಕೂತು ಅದಕ್ಕೆ ಹೊಂದಿಕೊಂಡಿದೆ, ಆದರೂ ಯಂತ್ರದಂತೆ ಕೇಳಿಸುವುದಿಲ್ಲ. ಒಂದು ಆವರ್ತಕ್ಕೆ ಎಂಟು ಹೈ-ಹ್ಯಾಟ್, ಎರಡು ಕಿಕ್, ಎರಡು ಸ್ನೇರ್, ಒಟ್ಟು 12 ಏಟು. ಹಾಡು ಐದು ನಿಮಿಷಕ್ಕೆ ಕೊಂಚ ಕಡಿಮೆ. ಲೆಕ್ಕ ಹಾಕಿದರೆ ಸುಮಾರು 140 ಆವರ್ತ, ಹತ್ತಿರ ಹತ್ತಿರ 1,700 ಏಟು. ಎಲ್ಲವೂ ಒಂದೇ ನಮೂನೆಯವು. ಎರಡು ಏಟಿನ ನಡುವಿನ ಅಂತರ ಕಾಲು ಸೆಕೆಂಡಿಗೆ ಒಂದು ಕೂದಲೆಳೆ ಹೆಚ್ಚು. ಅದರಲ್ಲಿ ಒಂದಾದರೂ ಆಚೀಚೆ ಆದರೆ ತಪ್ಪು ಎಂದು ಗೊತ್ತಾಗುತ್ತದೆ, ಏಕೆಂದರೆ ಅದನ್ನು ಮುಚ್ಚಲು ಬೇರೇನೂ ಇಲ್ಲ. ಇದನ್ನು ‘ಹೊಸಬರ ಹಾಡು’ ಎಂದು ಯಾರು ಮೊದಲು ಕರೆದರೋ! ಹೊಸಬರು ಕಲಿಯಬಹುದಾದ ಹಾಡು ಎಂಬುದಷ್ಟೇ ಅದರ ಅರ್ಥ ಇದ್ದೀತು.

ಈಗ ಎದುರಿನಿಂದ ಬರುವ ಮಾತು. ಬರುವ ಹಾಡನ್ನೇ ಬಾರಿಸುತ್ತಾ ಕೂತರೆ ಕೈ ಬೆಳೆಯುವುದು ಹೇಗೆ? ಡಬಲ್ ಸ್ಟ್ರೋಕ್, ಕಾಲಿನ ವೇಗ, ನಾಲ್ಕು ಅಂಗ ನಾಲ್ಕು ಕೆಲಸ ಮಾಡುವ ಸ್ವಾತಂತ್ರ್ಯ ಇದೆಲ್ಲ ‘ಬಿಲ್ಲಿ ಜೀನ್’ನಿಂದ ಬರುವುದೇ? ಬರುವುದಿಲ್ಲ, ಖಂಡಿತ. ಅದಕ್ಕೆ ಜಾಗ ಬೇರೆ ಇದೆ: ಪ್ರ್ಯಾಕ್ಟೀಸ್ ಪ್ಯಾಡು, ಪುಸ್ತಕ, ಗುರುಗಳು. ಜಾರ್ಜ್ ಲಾರೆನ್ಸ್ ಸ್ಟೋನ್ 1935ರಲ್ಲಿ ಬರೆದ ‘ಸ್ಟಿಕ್ ಕಂಟ್ರೋಲ್’ ಇಂದಿಗೂ ಡ್ರಮ್ಮರ್‌ಗಳ ಚೀಲದಲ್ಲಿರುತ್ತದೆ. ಬಲ, ಎಡ, ಬಲ, ಎಡ ಎಂದು ಶುರುವಾಗುವ ಒಂದೊಂದು ಸಾಲನ್ನೂ ನಿಲ್ಲಿಸದೆ ಇಪ್ಪತ್ತು ಸಲ ಬಾರಿಸಿ ಆಮೇಲೆ ಮುಂದಕ್ಕೆ ಹೋಗಿ ಎಂಬುದು ಅದರ ಅಪ್ಪಣೆ. ಕೈ ಕಲಿಸುವ ಪುಸ್ತಕವೂ ಬಯಸುವುದು ಪುನರಾವರ್ತನೆಯನ್ನೇ ಎಂಬುದನ್ನು ಗಮನಿಸಿ. ನನ್ನ ತಕರಾರು ಕಷ್ಟದ ಕಸರತ್ತಿನ ಮೇಲಲ್ಲ, ಹಾಡನ್ನೇ ಕಸರತ್ತು ಮಾಡುವುದರ ಮೇಲೆ. ಕೈ ಕಲಿಯಲು ಹಾಡಿಗೆ ಹೋದರೆ ಕೈಯೂ ಅರ್ಧ, ಹಾಡೂ ಅರ್ಧ.

ಕಷ್ಟದ ಹಾಡುಗಳ ಪಕ್ಷದವರು ನನ್ನ ಮುಂದೆ ಹಿಡಿಯುವ ದೊಡ್ಡ ಹೆಸರು ರಷ್ ತಂಡದ ನೀಲ್ ಪೀರ್ಟ್. 1981ರ ‘ಟಾಮ್ ಸಾಯರ್’ ಬಾರಿಸಲು ಹೋಗಿ ಮಣಿಕಟ್ಟು ಉಳುಕಿಸಿಕೊಂಡವರು ಎಷ್ಟು ಜನವೋ. ಆದರೆ ಅದೇ ಪೀರ್ಟ್ 1990ರ ದಶಕದ ನಡುವಿನಲ್ಲಿ, ನಲವತ್ತು ದಾಟಿ, ಜಗತ್ತು ತನ್ನನ್ನು ಹಾಡಿ ಹೊಗಳುತ್ತಿದ್ದಾಗ, ಫ್ರೆಡಿ ಗ್ರೂಬರ್ ಎಂಬ ಹಿರಿಯ ಗುರುಗಳ ಬಳಿ ಹೋಗಿ ಕೂತರು. ಸ್ಟಿಕ್ ಹಿಡಿಯುವ ರೀತಿಯನ್ನೇ ಬದಲಿಸಿಕೊಂಡು ಮೊದಲಿನಿಂದ ಶುರು ಮಾಡಿದರು. ಅಷ್ಟು ಏಟು ಬಾರಿಸಬಲ್ಲವರಿಗೆ ಕಡಿಮೆಯಾಗಿದ್ದದ್ದು ಇನ್ನಷ್ಟು ಏಟಲ್ಲ. ಒಂದು ಏಟಿನಿಂದ ಇನ್ನೊಂದಕ್ಕೆ ಕೈ ಹೇಗೆ ತೇಲಿಕೊಂಡು ಹೋಗುತ್ತದೆ ಎಂಬುದು ಅವರನ್ನು ಕಾಡಿತ್ತು.

ಬರುವ ಹಾಡು ಬೇಸರ ತರಿಸುತ್ತದೆ ಎಂಬ ಮಾತು ಇದಕ್ಕಿಂತ ಗಟ್ಟಿಯಾದದ್ದು, ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವೂ ಇಲ್ಲ. ಹತ್ತೊಂಬತ್ತರ ಹುಡುಗನನ್ನು ಕೂರಿಸಿ ಆರು ತಿಂಗಳು ಅದೇ ನಾಲ್ಕು ಹಾಡು ಬಾರಿಸು ಎಂದರೆ ಸ್ಟಿಕ್ ಎಸೆದು ಗಿಟಾರ್ ಕ್ಲಾಸಿಗೆ ಹೋದಾನು. ಆಸೆ ಸತ್ತ ಮೇಲೆ ಕಾಲಪ್ರಮಾಣ ಇಟ್ಟುಕೊಂಡು ಏನು ಮಾಡುವುದು? ಹಾಗಾಗಿ ಆಸೆಯ ಹಾಡನ್ನು ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಾನೂ ವಾರಕ್ಕೊಮ್ಮೆ ‘ರೊಸಾನಾ’ ಬಾರಿಸುತ್ತೇನೆ, ಬೆವರು ಸುರಿಸಿ, ಖುಷಿಪಟ್ಟು, ಕೆಟ್ಟದಾಗಿ. ಅದು ಆಟ. ಅದನ್ನು ಅಭ್ಯಾಸದ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುವುದನ್ನು ಮಾತ್ರ ಬಿಟ್ಟಿದ್ದೇನೆ.

ಗ್ರೇಡ್ ಪರೀಕ್ಷೆಗಳದ್ದೂ ಒಂದು ಮಾತು. ಇಲ್ಲೂ ಈಗ ಬಹಳ ಮಕ್ಕಳು ಟ್ರಿನಿಟಿ, ರಾಕ್‌ಸ್ಕೂಲ್ ಪರೀಕ್ಷೆ ಕಟ್ಟುತ್ತಾರೆ. ಗ್ರೇಡಿಗೆ ಮೂರು ಹಾಡು. ಶಿಸ್ತಿಗೆ ಒಳ್ಳೆಯದು, ಪರೀಕ್ಷಕರು ಲಯಕ್ಕೂ ಅಂಕ ಕೊಡುತ್ತಾರೆ. ತೊಂದರೆ ಇರುವುದು ಅಪ್ಪ ಅಮ್ಮಂದಿರಲ್ಲಿ, ಮಕ್ಕಳಲ್ಲಿ: ಐದನೇ ಗ್ರೇಡ್ ಪಾಸಾದವರಿಗೆ ಎರಡನೇ ಗ್ರೇಡಿನ ಹಾಡು ಹಳೆಯ ಯೂನಿಫಾರ್ಮ್ ಆಗಿಬಿಡುತ್ತದೆ.

ಹಾಗಾದರೆ ಬರುವ ಹಾಡುಗಳಲ್ಲಿ ಯಾವುದು? ನನ್ನ ಮೊದಲ ಷರತ್ತು ವಿಚಿತ್ರ ಅನ್ನಿಸಬಹುದು: ಬಾರಿಸುತ್ತಾ ಅದನ್ನು ಹಾಡಲು ಬರಬೇಕು. ಶ್ರುತಿ ಚೆನ್ನಾಗಿರಬೇಕಿಲ್ಲ, ನನ್ನದು ಕೇಳುವ ಹಾಗಿಲ್ಲ. ಆದರೆ ಬಾಯಿ ಹಾಡುತ್ತಿರುವಾಗ ಕೈ ತಡವರಿಸಿತೆಂದರೆ ಆ ಹಾಡು ಇನ್ನೂ ಬಂದಿಲ್ಲ ಎಂದು ಲೆಕ್ಕ. ಗಣೇಶೋತ್ಸವದ ವಾದ್ಯಗೋಷ್ಠಿಗಳಲ್ಲಿ ಬಾರಿಸುವ ಹಿರಿಯರೊಬ್ಬರಿಂದ ಕಲಿತದ್ದು ಇದು. ಒಂದು ರಾತ್ರಿಯಲ್ಲಿ ರಾಜ್‌ಕುಮಾರ್ ಹಾಡಿನಿಂದ ಹಿಡಿದು ಕಳೆದ ವಾರ ಬಂದ ಹಾಡಿನವರೆಗೆ ಇಪ್ಪತ್ತೈದು ಹಾಡು ಬಾರಿಸುವವರು ಅವರು. ನನ್ನ ಬಾರಿಸುವಿಕೆ ಕೇಳಿ, ‘ಎರಡನೇ ಚರಣದ ಸಾಹಿತ್ಯ ಹೇಳಿ ಸಾರ್’ ಎಂದರು. ಗೊತ್ತಿರಲಿಲ್ಲ. ‘ಮತ್ತೆ ಯಾರ ಜೊತೆ ಬಾರಿಸ್ತಿದ್ರಿ?’ ಎಂದು ಕೇಳಿ ಬೀಡಾ ಜಗಿಯತೊಡಗಿದರು.

ಎರಡನೆಯದು ನಿಧಾನ. 1965ರಲ್ಲಿ ಓಟಿಸ್ ರೆಡಿಂಗ್ ಹಾಡಿದ ‘ಐವ್ ಬೀನ್ ಲವಿಂಗ್ ಯೂ ಟೂ ಲಾಂಗ್’ಗೆ ಬಾರಿಸಿದವರು ಮೆಂಫಿಸ್‌ನ ಅಲ್ ಜ್ಯಾಕ್ಸನ್ ಜೂನಿಯರ್. ಮೂರರ ಪಾಲಿನಲ್ಲಿ ತೂಗುವ ಬಹಳ ನಿಧಾನದ ಹಾಡು. ಏಟಿಗೂ ಏಟಿಗೂ ನಡುವೆ ಒಬ್ಬರು ನಡೆದುಹೋಗುವಷ್ಟು ಜಾಗ. ಆ ಜಾಗದಲ್ಲಿ ಕೈ ಸುಮ್ಮನಿರುವುದಿಲ್ಲ, ತುರಿಸುತ್ತದೆ. ಸ್ನೇರ್ ಏಟನ್ನು ಬೀಳಬೇಕಾದಲ್ಲೇ ಬೀಳಿಸಲು ನನಗೆ ಮೂರು ವಾರ ಬೇಕಾಯಿತು, ಅದೂ ದಿನ ಬಿಟ್ಟು ದಿನ. ಮೂರನೆಯದು ಬಿಡುವ ಜಾಗ. ಎಸಿ/ಡಿಸಿಯ ‘ಬ್ಯಾಕ್ ಇನ್ ಬ್ಲ್ಯಾಕ್’ನಲ್ಲಿ ಗಿಟಾರ್ ಗಕ್ಕನೆ ನಿಲ್ಲುವ ಕಡೆಗಳಲ್ಲಿ ಬೇರೆ ಯಾರಾದರೂ ಒಂದು ಫಿಲ್ ತುರುಕುತ್ತಿದ್ದರು. ಫಿಲ್ ರಡ್ ಅದೇ ಬಡಿತವನ್ನು ಮುಂದುವರಿಸುತ್ತಾರೆ. ಹೆಸರಿನಲ್ಲೇ ಫಿಲ್ ಇಟ್ಟುಕೊಂಡವರ ಸಂಯಮ ನೋಡಿ. ಇನ್ನು ಕ್ವೀನ್‌ನ ‘ವೀ ವಿಲ್ ರಾಕ್ ಯೂ’ದಲ್ಲಿ ಡ್ರಮ್ ಸೆಟ್ಟೇ ಇಲ್ಲ; ಕಾಲು, ಕಾಲು, ಚಪ್ಪಾಳೆ. ಎರಡು ನಿಮಿಷ ಚಿಲ್ಲರೆಯ ಹಾಡು. ಒಬ್ಬರೇ ಕೂತು, ಹಾಡು ಹಾಕಿಕೊಳ್ಳದೆ, ಅಷ್ಟು ಹೊತ್ತು ಅದನ್ನೇ ಕುಟ್ಟಿ ರೆಕಾರ್ಡ್ ಮಾಡಿ ಕೇಳಿ ನೋಡಿ. ಇದನ್ನು ನಾನು ಸ್ವಲ್ಪ ದುರುದ್ದೇಶದಿಂದಲೇ ಹೇಳುತ್ತಿದ್ದೇನೆ.

2003ರಲ್ಲಿ ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಆ ಜನಜಂಗುಳಿಯಲ್ಲಿ ನಾನೂ ಇದ್ದೆ. ಎರಡು ಗಂಟೆ ಮಿಕ್ ಜಾಗರ್ ಕುಣಿದದ್ದನ್ನೇ ನೋಡಿದೆ. ಹಿಂದೆ, ಪುಟ್ಟ ಗ್ರೆಚ್ ಸೆಟ್ಟಿನ ಮುಂದೆ, ಆಫೀಸಿಗೆ ಬಂದವರ ಮುಖ ಮಾಡಿಕೊಂಡು ಕೂತಿದ್ದ ಚಾರ್ಲಿ ವಾಟ್ಸ್ ಕಡೆ ಒಂದು ಸಲವೂ ಸರಿಯಾಗಿ ಕಣ್ಣು ಹಾಯಿಸಲಿಲ್ಲ. ಅವರದ್ದೊಂದು ಪ್ರಸಿದ್ಧ ಅಭ್ಯಾಸವಿತ್ತು: ಎಡಗೈ ಸ್ನೇರ್ ಹೊಡೆಯುವ ಕ್ಷಣ ಬಲಗೈಯನ್ನು ಹೈ-ಹ್ಯಾಟಿನಿಂದ ಎತ್ತಿಬಿಡುವುದು. ಎಂಟು ಏಟಿನಲ್ಲಿ ಎರಡು ಕಡಿಮೆ. ಆ ಎರಡು ಇಲ್ಲದ ಕಡೆ ಸ್ನೇರ್ ಎಷ್ಟು ಬಿಡಿಸಿ ಕೇಳಿಸುತ್ತದೆ ಎಂದು ಗೊತ್ತಾಗಲು ನನಗೆ ಇನ್ನೂ ಹದಿನೇಳು ವರ್ಷ ಬೇಕಿತ್ತು. ಟಿಕೆಟ್ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನನ್ನ ಪಟ್ಟಿಯ ಕೊನೆಯ ಹಾಡು ರೆಕಾರ್ಡಿನದ್ದಲ್ಲ. ಅಕ್ಕ ಭಾವಗೀತೆ ಹಾಡುತ್ತಾಳೆ. ರೆಕಾರ್ಡಿಗೆ ಬಾರಿಸಿದರೆ ಹಾಡೇ ನಮ್ಮನ್ನು ಎಳೆದುಕೊಂಡು ಹೋಗುತ್ತದೆ, ನಾವು ಓಡಿದರೂ ತಡೆಯುತ್ತದೆ. ಮನುಷ್ಯರಿಗೆ ಬಾರಿಸಿದರೆ ಹಾಗಿಲ್ಲ. ನಾವು ಓಡಿದರೆ ಅವರೂ ಓಡಬೇಕಾಗುತ್ತದೆ, ಇಲ್ಲವೇ ಉಸಿರು ಸಿಗದೆ ನಿಲ್ಲಬೇಕಾಗುತ್ತದೆ. ಅಕ್ಕ ನಿಂತುಬಿಟ್ಟಳು. ಆರು ಮಾತ್ರೆಯ ದಾದ್ರಾ, ಅವಳು ಅಡುಗೆಮನೆಯಲ್ಲೂ ಹಾಡುವ ಹಾಡು. ಬ್ರಷ್ ಹಿಡಿದು ಪ್ರ್ಯಾಕ್ಟೀಸ್ ಪ್ಯಾಡ್ ಮೇಲೆ ಬಾರಿಸುತ್ತಿದ್ದೆ, ಕೆಳಗಿನ ಮನೆಯವರಿಗೆ ತೊಂದರೆಯಾಗದಿರಲಿ ಎಂದು.

‘ಏನೋ ಇದು, ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ ಬಾರಿಸ್ತೀಯಲ್ಲೋ? ಚರಣ ಎತ್ಕೊಳ್ಳೋಕಾದ್ರೂ ಬಿಡು.’

‘ನಾನು ಓಡಿಸ್ಲಿಲ್ಲ ಕಣೇ, ನೀನೇ ಓಡಿದ್ದು.’

ಫೋನಿನಲ್ಲಿ ರೆಕಾರ್ಡ್ ಆಗಿತ್ತು. ಇಬ್ಬರೂ ತಲೆ ತಾಗಿಸಿ ಕೇಳಿದೆವು. ಪಲ್ಲವಿ ಮುಗಿದು ಚರಣಕ್ಕೆ ಹೋಗುವ ಕಡೆ, ಅವಳು ಉಸಿರು ತೆಗೆದುಕೊಳ್ಳುವ ಸದ್ದಿನ ಮೇಲೆಯೇ ನನ್ನ ಏಟು ಬಿದ್ದಿತ್ತು. ಅಕ್ಕ ಏನೂ ಹೇಳಲಿಲ್ಲ. ಲೋಟದಲ್ಲಿ ಉಳಿದಿದ್ದ ಕಾಫಿ ಕುಡಿದು, ಸೆರಗು ಸರಿಮಾಡಿಕೊಂಡು, ‘ಮೊದಲಿಂದ ಹಾಡ್ಲಾ?’ ಎಂದಳು.